ಹೆಸರೆಂಬ ನಿಕ್ಷೇಪ

ಊರು ಯಾವುದೆಂದು ಕೇಳಿದವರಿಗೆ ‘ಬೆಳಗೊಳ’ ಎಂದೊಡನೆ ಅವರ ಮುಖದಲ್ಲಿ ಭಕ್ತಿಯೊಂದು ಮೂಡುವುದನ್ನು ನಾನು ಬಾಲ್ಯದಿಂದಲೂ ಕಂಡಿದ್ದೇನೆ. ಜೈನನೆಂದು ತಿಳಿದ ಮೇಲಂತೂ ‘ಗೊಮ್ಮಟಸ್ವಾಮಿಯ ಸನ್ನಿಧಿಯವರೇ!’ ಎಂದು ಕೈಮುಗಿದವರೂ ಉಂಟು. ನಮ್ಮದು ಶ್ರೀರಂಗಪಟ್ಟಣ ತಾಲ್ಲೂಕಿನ, ಕನ್ನಂಬಾಡಿ ಕಟ್ಟೆಗೆ ಸಮೀಪದ ಬೆಳಗೊಳವೆಂದು ತಿದ್ದಿ ಹೇಳುವುದು ನನಗೆ ವ್ಯಾಪಾರದಷ್ಟೇ ಹಳೆಯ ಅಭ್ಯಾಸವಾಗಿಬಿಟ್ಟಿದೆ. ಹೆಸರು ಒಂದೇ, ಊರುಗಳು ಎರಡು. ಗೊಮ್ಮಟನ ಬೆಳಗೊಳಕ್ಕೆ ಆ ಹೆಸರು ಬಂದುದು ಬಿಳಿಯ ಕೊಳದಿಂದ. ಶಾಸನಗಳು ಅದನ್ನೇ ಸಂಸ್ಕೃತದಲ್ಲಿ ಧವಳಸರೋವರವೆಂದು ಕರೆದಿವೆ. ಆ ಕ್ಷೇತ್ರದ ಆಸುಪಾಸಿನಲ್ಲಿಯೇ ಹಳೇಬೆಳಗೊಳ, ಕೋಡಿಬೆಳಗೊಳಗಳೂ ಇದ್ದವು. ಅವೆಲ್ಲವುಗಳಿಂದ ಒಂದನ್ನು ಬೇರ್ಪಡಿಸಿದ ಮಾತು ‘ಶ್ರವಣ’, ಅಂದರೆ ಶ್ರಮಣ. ಆ ವಿಶೇಷಣವನ್ನು ಊರು ಕಟ್ಟಿದವರು ಆರಿಸಿ ಇಟ್ಟದ್ದಲ್ಲ. ಅಲ್ಲಿ ಬಂದು ತಪಸ್ಸು ಮಾಡಿ, ಸಲ್ಲೇಖನವನ್ನು ಕೈಕೊಂಡು ದೇಹವಿಟ್ಟ ಮುನಿಗಳಿಂದ ಅದು ಊರಿಗೆ ಪ್ರಾಪ್ತವಾಯಿತು.

ಕಳೆದ ವರ್ಷ ನಮ್ಮ ಮನೆಯಲ್ಲಿ ಮೊಮ್ಮಗನಿಗೆ ಹೆಸರಿಡುವ ಪ್ರಸಂಗ ಬಂದಾಗ ಈ ಸಂಗತಿ ನನಗೆ ಪದೇ ಪದೇ ನೆನಪಾಯಿತು. ‘ಯಾರಿಗೂ ಇಲ್ಲದ ಹೆಸರು ಬೇಕು; ಆದರೆ ನಮ್ಮ ಸಂಪ್ರದಾಯದ್ದೇ ಆಗಿರಬೇಕು’ ಎಂಬುದು ಇಂದಿನ ತಂದೆತಾಯಿಗಳ ಆಸೆ. ಆಸೆ ಅನುಚಿತವಾದುದಲ್ಲ. ಆದರೆ ಅದನ್ನು ಪೂರೈಸಿಕೊಳ್ಳಲು ನಾವು ಹಿಡಿದಿರುವ ದಾರಿ ಸರಿಯೇ, ಮತ್ತು ಶಾಸ್ತ್ರವೂ ಶಾಸನವೂ ಈ ವಿಷಯದಲ್ಲಿ ನಮಗೆ ಏನನ್ನು ಹೇಳುತ್ತವೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹೆಸರಿನ ಪುಸ್ತಿಕೆಗಳು

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಮಗ ಕೆಲವು ಹೆಸರುಗಳ ಪಟ್ಟಿಯನ್ನು ಕಳುಹಿಸಿದನು. ಅದರ ಮೂಲವನ್ನು ಹುಡುಕುತ್ತ ಹೋದಾಗ ಅಂಗಡಿಗಳಲ್ಲಿ ಮಾರುವ ನಾಮಾವಳಿಯ ಪುಸ್ತಿಕೆಗಳನ್ನೂ ಮೊಬೈಲಿನಲ್ಲಿ ದೊರೆಯುವ ಅಂಥವೇ ಪಟ್ಟಿಗಳನ್ನೂ ನೋಡಿದೆನು. ‘ಜೈನ ಹೆಸರುಗಳು’ ಎಂಬ ಪ್ರತ್ಯೇಕ ವಿಭಾಗವೂ ಅವುಗಳಲ್ಲಿ ಇರುತ್ತದೆ. ಪ್ರತಿಯೊಂದು ಹೆಸರಿನ ಎದುರಿಗೂ ಒಂದು ಅರ್ಥವನ್ನು ಕೊಟ್ಟಿದೆ. ಆ ಅರ್ಥಗಳನ್ನು ಯಾರು ಪರೀಕ್ಷಿಸಿದರೆಂಬುದು ಮಾತ್ರ ತಿಳಿಯುವುದಿಲ್ಲ.

ಒಂದು ಉದಾಹರಣೆ ಸಾಕು. ಇಂದು ಬಹು ಪ್ರಚಾರದಲ್ಲಿರುವ ‘ಆರವ್’ ಎಂಬ ಹೆಸರಿಗೆ ‘ಶಾಂತ’ ಎಂಬ ಅರ್ಥವನ್ನು ಈ ಪಟ್ಟಿಗಳು ಕೊಡುತ್ತವೆ. ಸಂಸ್ಕೃತದಲ್ಲಿ ‘ಆರವ’ ಎಂದರೆ ಸದ್ದು, ಕೂಗು, ಕೋಲಾಹಲ. ನಮ್ಮ ಹಳಗನ್ನಡ ಕಾವ್ಯಗಳನ್ನು ಓದಿದವರಿಗೆ ಇದು ಹೊಸ ಸಂಗತಿಯಲ್ಲ. ಸದ್ದಿಲ್ಲದಿರುವಿಕೆಯನ್ನು ಹೇಳುವ ಪದ ‘ನೀರವ’. ಶಾಂತನಾಗಲೆಂದು ಹರಸಿ ಮಗುವನ್ನು ‘ಗದ್ದಲ’ ಎಂದು ಕರೆಯುವುದು ಯಾವ ಸಂಪ್ರದಾಯ? ಪುಸ್ತಿಕೆಯನ್ನು ಬರೆದವನಿಗೆ ಅರ್ಥ ಬೇಕಿಲ್ಲ. ಮಾರಾಟವಾಗುವ ಅರ್ಥ ಬೇಕು. ಬೆಲ್ಲದ ಮಂಡಿಯಲ್ಲಿ ಕುಳಿತು ಕೂದಲು ನರೆತ ನನಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಚೀಲದ ಮೇಲೆ ಒತ್ತಿದ ಮುದ್ರೆಯಿಂದ ಬೆಲ್ಲಕ್ಕೆ ಸಿಹಿ ಬರುವುದಿಲ್ಲವೆಂದು ಮಾರುವವನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಎರಡನೆಯ ದೋಷ ಭಾಷೆಗೆ ಸಂಬಂಧಿಸಿದುದು. ಕನ್ನಡದ ನಾಲಗೆಗೆ ಸ್ವರಾಂತವಾದ ಹೆಸರು ಸಹಜ. ಆದಿನಾಥ, ಶಾಂತಿನಾಥ, ವೃಷಭ ಎಂದೇ ನಮ್ಮ ಬಸದಿಗಳಲ್ಲಿ ಕೇಳಿ ಬೆಳೆದವರು ನಾವು. ಈಗಿನ ಪಟ್ಟಿಗಳಲ್ಲಿ ಇವೇ ಹೆಸರುಗಳು ಉತ್ತರದೇಶದ ಉಚ್ಚಾರಣೆಯಲ್ಲಿ ಆದಿನಾಥ್, ರಿಷಭ್ ಎಂದು ಬಾಲ ಕತ್ತರಿಸಿಕೊಂಡು ಬರುತ್ತವೆ. ಹಿಂದೀ ಭಾಷಿಕರಿಗೆ ಅದು ಸರಿಯಾದ ರೂಪ. ಆದರೆ ಬಸದಿಯಲ್ಲಿ ಅರ್ಚಕರು ‘ವೃಷಭನಾಥಾಯ’ ಎಂದು ಅರ್ಘ್ಯವೆತ್ತುವಾಗ ಅದು ತನ್ನ ಹೆಸರೇ ಎಂದು ಮಗುವಿಗೆ ತಿಳಿಯದೆ ಹೋದರೆ ನಷ್ಟ ನಮ್ಮದು.

ಮೂರನೆಯದು ‘ಜೈನ ಹೆಸರು’ ಎಂಬ ಹಣೆಪಟ್ಟಿ. ಜಿನ, ವೀರ, ಪಾರ್ಶ್ವ ಎಂಬ ಶಬ್ದಗಳಿದ್ದರೆ ಮಾತ್ರ ಅದು ನಮ್ಮ ಹೆಸರೆಂಬ ಭಾವನೆ ಇತ್ತೀಚೆಗೆ ಬೆಳೆದಿದೆ. ಇದಕ್ಕೆ ಇತಿಹಾಸದ ಆಧಾರವಿದೆಯೇ ಎಂಬುದನ್ನು ಮುಂದೆ ನೋಡೋಣ. ಅದಕ್ಕೆ ಮೊದಲು, ತಪ್ಪು ಕೇವಲ ಕಿರಿಯರದ್ದೆಂದು ಹೇಳಿ ಮುಗಿಸುವುದು ಸತ್ಯವ್ರತಕ್ಕೆ ಸಲ್ಲದ ಮಾತಾದುದರಿಂದ, ನನ್ನದೇ ಒಂದು ತಪ್ಪನ್ನು ನಿವೇದಿಸುತ್ತೇನೆ.

ನಾನು ಇಟ್ಟ ಹೆಸರು

ನನ್ನ ಮಗ ಹುಟ್ಟಿದಾಗ ನಾನು ಸ್ವಾಧ್ಯಾಯವನ್ನು ಹೊಸದಾಗಿ ಆರಂಭಿಸಿದ್ದೆ. ಬಿ.ಕಾಂ. ಮುಗಿಸಿ ಅಂಗಡಿಯಲ್ಲಿ ಕುಳಿತ ತರುಣನಿಗೆ ತಾನೂ ಶಾಸ್ತ್ರ ಬಲ್ಲವನೆಂದು ನಾಲ್ವರಿಗೆ ತಿಳಿಯಬೇಕೆಂಬ ಹಂಬಲವಿತ್ತು. ಇಬ್ಬರು ತೀರ್ಥಂಕರರ ನಾಮಗಳನ್ನೂ ನನ್ನ ತಂದೆಯ ಹೆಸರನ್ನೂ ಸಮಾಸ ಮಾಡಿ ಒಂದು ದೀರ್ಘ ಹೆಸರನ್ನು ಕಟ್ಟಿದೆ. ಬಸದಿಯಲ್ಲಿ ಕೇಳಿದವರು ತಲೆದೂಗಿದರು. ಶಾಲೆಯಲ್ಲಿ ಕೇಳಿದವರು ನಕ್ಕರು. ಹಾಜರಿ ಕರೆಯುವಾಗ ಉಪಾಧ್ಯಾಯರೊಬ್ಬರು ದಿನವೂ ಅದನ್ನು ತುಂಡು ತುಂಡಾಗಿ ಒಡೆದು ಓದುತ್ತಿದ್ದರಂತೆ, ತರಗತಿಯೆಲ್ಲ ನಗುತ್ತಿತ್ತಂತೆ. ಹುಡುಗ ಕಾಲೇಜು ಸೇರುವಷ್ಟರಲ್ಲಿ ಆ ಹೆಸರಿನ ಮೊದಲ ಎರಡು ಅಕ್ಷರಗಳನ್ನು ಮಾತ್ರ ಉಳಿಸಿಕೊಂಡಿದ್ದನು. ಇಂದು ಅವನ ಕಚೇರಿಯವರಿಗೆ ಪೂರ್ಣ ಹೆಸರು ಗೊತ್ತಿಲ್ಲ.

ಇದು ನನಗೆ ತಿಳಿದದ್ದು ಮೊಮ್ಮಗನ ಹೆಸರಿನ ಚರ್ಚೆಯ ದಿನ. ಪಟ್ಟಿಯ ಹೆಸರುಗಳನ್ನೆಲ್ಲ ನಾನು ಒಂದೊಂದಾಗಿ ತಳ್ಳಿಹಾಕುತ್ತಿದ್ದಾಗ ಅವನು, ‘ಅಪ್ಪಾಜಿ, ನೀವು ನನಗೆ ಇಟ್ಟದ್ದು ಹೆಸರಲ್ಲ, ನಿಮ್ಮ ಪಾಂಡಿತ್ಯದ ಬೋರ್ಡು. ಅದನ್ನು ನಾನು ಹೊತ್ತದ್ದು ಸಾಕು, ನನ್ನ ಮಗ ಹೊರುವುದು ಬೇಡ’ ಎಂದನು. ಮನೆಯಲ್ಲಿ ಯಾರೂ ಮಾತನಾಡಲಿಲ್ಲ. ಮಗ ನನ್ನೊಡನೆ ಹಾಗೆ ಮಾತನಾಡುವವನಲ್ಲ. ಮೂವತ್ತು ವರ್ಷ ಒಳಗೇ ಇಟ್ಟುಕೊಂಡಿದ್ದ ಮಾತು ಅದು. ಆ ರಾತ್ರಿ ಪ್ರತಿಕ್ರಮಣಕ್ಕೆ ಕುಳಿತಾಗ ಮಾನಕಷಾಯವೆಂಬ ಶಬ್ದ ನಾಲಗೆಯ ಮೇಲೆ ಬಂದು ಅಲ್ಲಿಯೇ ನಿಂತಿತು. ಪುಸ್ತಿಕೆಯ ಹೊಸ ಹೆಸರನ್ನು ಅರಸುವ ಕಿರಿಯರಲ್ಲಿಯೂ, ಪುರಾಣದ ಭಾರವಾದ ಹೆಸರನ್ನು ಹೇರುವ ಹಿರಿಯರಲ್ಲಿಯೂ ಕೆಲಸ ಮಾಡುವುದು ಒಂದೇ ಕಷಾಯ. ಮಗುವಿನ ಮೂಲಕ ತಾವು ಎದ್ದು ಕಾಣಬೇಕು ಎಂಬುದು ಇಬ್ಬರ ಬಯಕೆಯೂ ಹೌದು.

ಜಿನಸೇನಾಚಾರ್ಯರ ವಿಧಿ

ಮರುದಿನ ಆದಿಪುರಾಣವನ್ನು ತೆರೆದೆನು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನಿಗೆ ಗುರುಗಳಾಗಿದ್ದ ಜಿನಸೇನಾಚಾರ್ಯರು 9ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥವಿದು. ಅದರ 38ನೆಯ ಪರ್ವದಲ್ಲಿ ಶ್ರಾವಕನ 53 ಗರ್ಭಾನ್ವಯ ಕ್ರಿಯೆಗಳ ನಿರೂಪಣೆಯಿದೆ. ಏಳನೆಯದು ನಾಮಕರ್ಮ. ವಿಧಿ ಬಹಳ ಸಂಕ್ಷಿಪ್ತವಾಗಿದೆ. ಹುಟ್ಟಿದ ಹನ್ನೆರಡು ದಿನಗಳ ಬಳಿಕ, ಮಗುವಿಗೆ ಅನುಕೂಲವೂ ತಂದೆತಾಯಿಗಳಿಗೆ ಸುಖಕರವೂ ಆದ ದಿನದಲ್ಲಿ ಇದನ್ನು ಮಾಡಬೇಕು. ತಮ್ಮ ವೈಭವಕ್ಕೆ ತಕ್ಕಷ್ಟು ಪೂಜೆ, ಸತ್ಕಾರ ನಡೆಸಬೇಕು. ಹೆಸರು ಪ್ರಶಸ್ತವಾಗಿರಬೇಕು, ವಂಶಕ್ಕೆ ಶ್ರೇಯಸ್ಕರವಾಗಿರಬೇಕು.

ಇಷ್ಟನ್ನು ಹೇಳಿ ಆಚಾರ್ಯರು ಇನ್ನೊಂದು ದಾರಿಯನ್ನು ತೋರಿಸುತ್ತಾರೆ. ಜಿನೇಂದ್ರನ 1008 ನಾಮಗಳ ಸಮೂಹದಿಂದ ‘ಘಟಪತ್ರ’ ವಿಧಾನದಲ್ಲಿ ಒಂದನ್ನು ಸ್ವೀಕರಿಸಬಹುದು ಎಂಬುದು ಆ ದಾರಿ. ಎಂದರೆ, ಹೆಸರುಗಳನ್ನು ಎಲೆಗಳ ಅಥವಾ ಚೀಟಿಗಳ ಮೇಲೆ ಬರೆದು ಕಲಶದಲ್ಲಿ ಹಾಕಿ, ಅವುಗಳಲ್ಲಿ ಒಂದನ್ನು ಎತ್ತುವುದು. ಆ 1008 ನಾಮಗಳನ್ನು ಆಚಾರ್ಯರು ಅದೇ ಗ್ರಂಥದ 25ನೆಯ ಪರ್ವದಲ್ಲಿ, ಇಂದ್ರನು ಮಾಡಿದ ಸ್ತುತಿಯ ರೂಪದಲ್ಲಿ, ಹತ್ತು ಶತಕಗಳಾಗಿ ಕೊಟ್ಟಿದ್ದಾರೆ. ನಮ್ಮ ಬಸದಿಗಳಲ್ಲಿ ಪಠಿಸುವ ಜಿನಸಹಸ್ರನಾಮ ಅದೇ.

ಪರಂಪರಾಗತವೂ ಆಗಿರಬೇಕು, ಅಪರೂಪವೂ ಆಗಿರಬೇಕೆಂಬ ಇಂದಿನ ಸಮಸ್ಯೆಗೆ ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಉತ್ತರವಿತ್ತು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ನಮ್ಮ ಸಂಖ್ಯೆ 4,40,280. ಇಷ್ಟು ಸಣ್ಣ ಸಮಾಜಕ್ಕೆ 1008 ಹೆಸರುಗಳ ಭಂಡಾರವಿದ್ದೂ ನಾವು ಮತ್ತೆ ಮತ್ತೆ ಬಳಸುತ್ತಿರುವುದು ಬೆರಳೆಣಿಕೆಯಷ್ಟನ್ನು. ಸ್ವಯಂಪ್ರಭ, ಸನಾತನ, ವಿಶ್ವಭೂ ಎಂಬಂಥವು ಕಲಶದಲ್ಲಿಯೇ ಉಳಿದಿವೆ.

‘ಚೀಟಿ ಎತ್ತುವುದೆಂದರೆ ಲಾಟರಿಯಲ್ಲವೇ?’ ಎಂದು ಮಿತ್ರರೊಬ್ಬರು ಆಕ್ಷೇಪಿಸಿದರು. ಲಾಟರಿಯಲ್ಲಿ ಒಬ್ಬನಿಗೆ ಲಾಭ, ಉಳಿದವರಿಗೆ ನಷ್ಟ. ಈ ಕಲಶದಲ್ಲಿ ಸೋಲುವ ಚೀಟಿ ಒಂದೂ ಇಲ್ಲ, ಎಲ್ಲವೂ ಭಗವಂತನ ನಾಮಗಳೇ. ಇಲ್ಲಿ ಕೈಬಿಟ್ಟು ಹೋಗುವುದು ಒಂದೇ, ‘ಇದು ನಾನು ಆರಿಸಿದ್ದು’ ಎಂಬ ಮಮಕಾರ. ತಂದೆಗೆ ತನ್ನ ಪಾಂಡಿತ್ಯವನ್ನು ಪ್ರದರ್ಶಿಸಲು ಎಡೆಯಿಲ್ಲ. ಅತ್ತೆ-ಸೊಸೆಯರಲ್ಲಿ ಯಾರ ಮಾತು ನಡೆಯಿತೆಂಬ ಪ್ರಶ್ನೆಗೂ ಎಡೆಯಿಲ್ಲ. ಆಚಾರ್ಯರು ಇದನ್ನು ಕಡ್ಡಾಯ ಮಾಡದೆ ‘ಅಥವಾ’ ಎಂದು ಹೇಳಿರುವುದೂ ಗಮನಾರ್ಹ. ಆರಿಸಿ ಇಡುವುದೂ ಸರಿ, ಹೆಸರು ಪ್ರಶಸ್ತವಾಗಿದ್ದರೆ ಸಾಕು.

ಶಾಸನಗಳು ಹೇಳುವುದು

ಇನ್ನು ‘ಜೈನ ಹೆಸರು’ ಎಂಬ ಹಣೆಪಟ್ಟಿಯ ವಿಚಾರ. ಶ್ರವಣಬೆಳಗೊಳದ ಸುತ್ತಾಲಯವನ್ನು ಮಾಡಿಸಿದ ಗಂಗರಾಜನ ತಂದೆಯ ಹೆಸರು ಏಚ, ತಾಯಿ ಪೋಚಿಕಬ್ಬೆ, ಮಗ ಬೊಪ್ಪ. ಅದೇ ಕ್ಷೇತ್ರದಲ್ಲಿ ಚತುರ್ವಿಂಶತಿ ತೀರ್ಥಂಕರರ ಬಸದಿಯನ್ನು ಕಟ್ಟಿಸಿದವನು ಹುಳ್ಳ. ಇವು ಅಚ್ಚಗನ್ನಡ ಹೆಸರುಗಳು. ಯಾವ ಪುಸ್ತಿಕೆಯ ಜೈನ ವಿಭಾಗದಲ್ಲಿಯೂ ಇವು ದೊರೆಯುವುದಿಲ್ಲ. ಕವಿಚಕ್ರವರ್ತಿ ಜನ್ನನ ತಂದೆ ಸುಮನೋಬಾಣನಿಗೆ ಶಂಕರನೆಂಬ ಹೆಸರೂ ಇತ್ತು. ಜನ್ನನ ಭಾವ ಮಲ್ಲಿಕಾರ್ಜುನ. ಆತನ ಮಗ, ಕನ್ನಡಕ್ಕೆ ಶಬ್ದಮಣಿದರ್ಪಣವನ್ನು ಕೊಟ್ಟ ಕೇಶಿರಾಜ. ಶಂಕರ, ಮಲ್ಲಿಕಾರ್ಜುನ, ಕೇಶಿರಾಜ ಎಂದು ಕರೆಸಿಕೊಂಡದ್ದರಿಂದ ಅವರ ಸಮ್ಯಕ್ತ್ವಕ್ಕೆ ಕುಂದು ಬಂದಿತೆಂದು ಯಾರೂ ಭಾವಿಸಲಿಲ್ಲ. ‘ಶಂಭು’ ಎಂಬುದಂತೂ ಜಿನಸಹಸ್ರನಾಮದ ಮೊದಲ ಸಾಲಿನಲ್ಲಿಯೇ ಇದೆ.

ನಮ್ಮ ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಗೆ ಹೋದವರು ಗಂಗರ ಕಾಲದ ಪಂಚಕೂಟ ಬಸದಿಯನ್ನೂ, ಊರಿಗೆ ಹೆಸರು ಕೊಟ್ಟ ಆ ಎತ್ತರದ ಕಂಬವನ್ನೂ, ಅದರ ತುದಿಯಲ್ಲಿ ಕುಳಿತ ಬ್ರಹ್ಮಯಕ್ಷನನ್ನೂ ನೋಡಿರುತ್ತಾರೆ. ನಮ್ಮ ಅಜ್ಜಂದಿರ ಕಾಲದ ಬ್ರಹ್ಮಯ್ಯ, ಬೊಮ್ಮಣ್ಣ ಎಂಬ ಹೆಸರುಗಳ ಹಿಂದೆ ಈ ಯಕ್ಷನಿದ್ದಾನೆ. ಸಂಸ್ಕೃತದ ಬ್ರಹ್ಮ ಕನ್ನಡದಲ್ಲಿ ಬೊಮ್ಮನಾದ. ಬೊಮ್ಮ ಮನೆಯ ಮಗನಾದ. ಪರಂಪರೆ ನಾಲಗೆಗೆ ಒಗ್ಗಿ ಬಂದಿರುವುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಹೆಸರಿನಲ್ಲಿ ಕೃತಜ್ಞತೆಯನ್ನು ಇಟ್ಟವನು ರನ್ನ. ಮುದುವೊಳಲಿನ, ಇಂದಿನ ಮುಧೋಳದ, ಬಳೆಗಾರರ ಮನೆಯಲ್ಲಿ ಹುಟ್ಟಿದವನು ಅವನು; ವ್ಯಾಪಾರಿಗಳಾದ ನಮಗೆ ಆ ಕಾರಣದಿಂದಲೂ ಹತ್ತಿರದವನು. ತನ್ನನ್ನು ಪೊರೆದ ಚಾವುಂಡರಾಯನ ನೆನಪಿಗೆ ಮಗನಿಗೆ ‘ರಾಯ’ ಎಂದೂ, ದಾನಚಿಂತಾಮಣಿ ಅತ್ತಿಮಬ್ಬೆಯ ನೆನಪಿಗೆ ಮಗಳಿಗೆ ‘ಅತ್ತಿಮಬ್ಬೆ’ ಎಂದೂ ಹೆಸರಿಟ್ಟನು. 993ರಲ್ಲಿ ಅಜಿತಪುರಾಣವನ್ನು ರಚಿಸಿದ ಮಹಾಕವಿಗೆ ಪದಗಳ ಬಡತನವಿರಲಿಲ್ಲ. ಆದರೂ ಹೊಸ ಹೆಸರನ್ನು ಕಟ್ಟುವ ಗೋಜಿಗೆ ಅವನು ಹೋಗಲಿಲ್ಲ. ಮನೆಯಲ್ಲಿ ಮಕ್ಕಳನ್ನು ಕೂಗಿದಾಗಲೆಲ್ಲ ಉಪಕಾರ ಮಾಡಿದವರು ನೆನಪಾಗಬೇಕೆಂದು ಬಯಸಿದನು.

ಆದರೆ ಮಗುವೊಂದಕ್ಕೆ ಹೆಸರಿಟ್ಟ ಪ್ರಸಂಗವನ್ನೇ ನಿರೂಪಿಸುವ ಶಾಸನವೊಂದು ಹಳೇಬೀಡಿನ ಬಸ್ತಿಹಳ್ಳಿಯಲ್ಲಿದೆ. ದಂಡನಾಯಕ ಗಂಗರಾಜನು ತೀರಿಕೊಂಡ ಮೇಲೆ ಮಗ ಬೊಪ್ಪನು ತಂದೆಯ ನೆನಪಿಗಾಗಿ ದೋರಸಮುದ್ರದಲ್ಲಿ 1133ರಲ್ಲಿ ಪಾರ್ಶ್ವನಾಥ ಜಿನಾಲಯವನ್ನು ಕಟ್ಟಿಸಿದನು. ಪ್ರತಿಷ್ಠೆಯಾದ ಬಳಿಕ ಇಂದ್ರರು, ಅಂದರೆ ಪೂಜೆಯ ಪುರೋಹಿತರು, ದೇವರ ಶೇಷೆಯನ್ನು ತೆಗೆದುಕೊಂಡು ಬಂಕಾಪುರದ ಬೀಡಿನಲ್ಲಿದ್ದ ವಿಷ್ಣುವರ್ಧನನ ಬಳಿಗೆ ಹೋದರು. ಆಗಷ್ಟೇ ಅರಸನು ಮಸಣನನ್ನು ಗೆದ್ದಿದ್ದನು. ಅದೇ ಸಮಯಕ್ಕೆ ರಾಣಿ ಲಕ್ಷ್ಮೀದೇವಿಗೆ ಗಂಡುಮಗು ಹುಟ್ಟಿದ ವಾರ್ತೆಯೂ ಬಂದಿತ್ತು. ಅರಸನು ಎದ್ದು ನಿಂತು ಇಂದ್ರರನ್ನು ಗೌರವಿಸಿ ಶೇಷೆಯನ್ನು ಸ್ವೀಕರಿಸಿದನು. ಈ ದೇವರ ಪ್ರತಿಷ್ಠೆಯ ಫಲದಿಂದಲೇ ವಿಜಯವೂ ಪುತ್ರೋತ್ಸವವೂ ಒದಗಿದುವೆಂದು ಸಂತೋಷಪಟ್ಟು, ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನಾರಸಿಂಹನೆಂದೂ ಹೆಸರಿಟ್ಟನು.

ಈ ಪ್ರಸಂಗದಲ್ಲಿ ವಿಚಾರ ಮಾಡಬೇಕಾದದ್ದು ಬಹಳವಿದೆ. ವಿಷ್ಣುವರ್ಧನನು ವೈಷ್ಣವನಾದನೆಂದು ಪ್ರತೀತಿ. ಮಗುವಿಗೆ ಬಂದ ಹೆಸರು ವಿಷ್ಣುವಿನ ಅವತಾರದ್ದು. ಆದರೆ ಅದರ ಮುಂದಿನ ‘ವಿಜಯ’ ಮಾತ್ರ ಪಾರ್ಶ್ವಜಿನನೊಡನೆ ಹಂಚಿಕೊಂಡದ್ದು. ಮನೆಯ ದೈವವೂ ಉಳಿಯಿತು, ಜಿನಾಲಯದ ಉಪಕಾರವೂ ಉಳಿಯಿತು. ನಾರಸಿಂಹ ಎಂಬುದು ಅಂದು ಅಪರೂಪದ ಹೆಸರೇನೂ ಆಗಿರಲಿಲ್ಲ. ವಿಜಯ ಎಂಬುದೂ ಆಗಿರಲಿಲ್ಲ. ಅವೆರಡನ್ನು ಕೂಡಿಸಿದ ಆ ದಿನದ ಸಂಗತಿ ಅಪರೂಪದ್ದು. ಅದರಿಂದ ಹೆಸರು ಆ ಮಗುವಿನದೇ ಆಯಿತು.

ಆ ಮಗು ಮುಂದೆ ಅರಸನಾಯಿತು. ತಂದೆ ವಿಷ್ಣುವರ್ಧನನ ಅಥವಾ ಮಗ ವೀರಬಲ್ಲಾಳನ ಸಾಲಿನಲ್ಲಿ ವಿಜಯಶಾಲಿಯೆಂದು ಈ ನಾರಸಿಂಹನನ್ನು ಇತಿಹಾಸಕಾರರು ಎಣಿಸುವುದಿಲ್ಲ. ಹೆಸರಿನ ‘ವಿಜಯ’ ಹೆಸರಿನಲ್ಲಿಯೇ ನಿಂತಿತು. ಆದರೆ 1159ರಲ್ಲಿ ಹುಳ್ಳನು ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಬಸದಿಗೆ ಅವನು ದಾನ ಕೊಟ್ಟು, ಹುಳ್ಳನ ‘ಸಮ್ಯಕ್ತ್ವಚೂಡಾಮಣಿ’ ಎಂಬ ಬಿರುದಿಗೆ ಹೊಂದುವಂತೆ ಅದಕ್ಕೆ ‘ಭವ್ಯಚೂಡಾಮಣಿ’ ಎಂದು ಹೆಸರಿಟ್ಟನು. ಜಿನಾಲಯವೊಂದರ ಸಂತೋಷದಲ್ಲಿ ಹೆಸರು ಪಡೆದ ಮಗು ದೊಡ್ಡವನಾಗಿ ಇನ್ನೊಂದು ಜಿನಾಲಯಕ್ಕೆ ಹೆಸರು ಕೊಟ್ಟಿತು. ಅಂಥ ಅರಸನಿಟ್ಟ ಹೆಸರನ್ನೂ ಜನ ಉಳಿಸಿಕೊಳ್ಳಲಿಲ್ಲ. ಹುಳ್ಳನು ಭಂಡಾರಿಯಾಗಿದ್ದುದರಿಂದ ಅದು ಇಂದಿಗೂ ಭಂಡಾರಿ ಬಸದಿಯೇ. ಇಡುವವನು ಒಬ್ಬ, ಕರೆಯುವವರು ನೂರು ಜನ.

ನಾಮ ಮತ್ತು ಭಾವ

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯದಲ್ಲಿ ನಾಮ, ಸ್ಥಾಪನಾ, ದ್ರವ್ಯ, ಭಾವ ಎಂದು ನಾಲ್ಕು ನಿಕ್ಷೇಪಗಳನ್ನು ಹೇಳಿದೆ. ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನದಲ್ಲಿ ಪೂಜ್ಯಪಾದರು ನಾಮನಿಕ್ಷೇಪಕ್ಕೆ ಕೊಡುವ ಲಕ್ಷಣ ಸ್ಪಷ್ಟವಾಗಿದೆ. ವಸ್ತುವಿನಲ್ಲಿ ಆ ಗುಣವಿಲ್ಲದಿದ್ದರೂ ಲೋಕವ್ಯವಹಾರಕ್ಕಾಗಿ ಮನುಷ್ಯರು ಇಡುವ ಸಂಜ್ಞೆಯೇ ನಾಮ. ಗುಣವು ಆ ಕ್ಷಣದಲ್ಲಿ ನಿಜವಾಗಿಯೂ ಇದ್ದಾಗ ಅದು ಭಾವನಿಕ್ಷೇಪ. ತೊಟ್ಟಿಲಿನಲ್ಲಿ ಮಲಗಿದ ಮಗುವನ್ನು ‘ವೀರ’ ಎಂದು ಕರೆಯುವುದು ನಾಮಮಾತ್ರದಿಂದ. ಅದನ್ನು ಭಾವವಾಗಿಸುವುದು ಆ ಜೀವದ ಆಯುಷ್ಯದ ಕೆಲಸ.

ಭಗವಾನ್ ಮಹಾವೀರರ ಐದು ಹೆಸರುಗಳನ್ನೇ ನೋಡೋಣ. ವರ್ಧಮಾನನೆಂಬುದು ಜನ್ಮಕಾಲದ್ದು. ಸಂಜಯ, ವಿಜಯರೆಂಬ ಚಾರಣಮುನಿಗಳ ಸಂದೇಹವು ಬಾಲಕನ ದರ್ಶನದಿಂದಲೇ ಪರಿಹಾರವಾದಾಗ ‘ಸನ್ಮತಿ’ ಬಂದಿತು. ಸಂಗಮದೇವನು ಸರ್ಪರೂಪದಿಂದ ಮರವನ್ನು ಸುತ್ತಿದಾಗ ಬೆದರದೆ ಇಳಿದುಬಂದುದರಿಂದ ‘ಮಹಾವೀರ’ ಎಂಬ ಹೆಸರು ಬಂದಿತು. ಆ ವ್ಯಾಖ್ಯಾನಕಾರರ ಸಂಗತಿಯೂ ಅಂಥದೇ. ಅವರ ಮೊದಲ ಹೆಸರು ದೇವನಂದಿ. ಬುದ್ಧಿಯ ಮಹತ್ತ್ವದಿಂದ ಜಿನೇಂದ್ರಬುದ್ಧಿಯಾದರು. ದೇವತೆಗಳು ಪಾದಗಳನ್ನು ಪೂಜಿಸಿದುದರಿಂದ ಪೂಜ್ಯಪಾದರಾದರು ಎಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ನಮ್ಮ ಕಾಲಕ್ಕೆ ಬಂದರೆ, ಬೆಳಗಾವಿ ಸೀಮೆಯ ಭೋಜ ಗ್ರಾಮದ ಸಾತಗೌಡರು 1920ರಲ್ಲಿ ಮುನಿದೀಕ್ಷೆ ಪಡೆದು ಶಾಂತಿಸಾಗರರೆಂದು ಪ್ರಖ್ಯಾತರಾದರು. ಸದಲಗೆಯ ವಿದ್ಯಾಧರರು ಆಚಾರ್ಯ ವಿದ್ಯಾಸಾಗರರಾಗಿ 2024ರಲ್ಲಿ ಸಲ್ಲೇಖನದಿಂದ ದೇಹವಿಟ್ಟರು. ಸಾತಗೌಡ ಎಂಬುದು ಒಕ್ಕಲು ಮನೆಯ ಸಾಮಾನ್ಯ ಹೆಸರು. ಇಟ್ಟವರು ಅಸಾಧಾರಣವಾದ ಹೆಸರಿಗಾಗಿ ತಡಕಾಡಿದಂತೆ ಕಾಣುವುದಿಲ್ಲ.

ಚಾವುಂಡರಾಯನದು ಇದಕ್ಕೆ ಕಿರೀಟಪ್ರಾಯವಾದ ನಿದರ್ಶನ. ‘ಗೊಮ್ಮಟ’ ಶಬ್ದವು ‘ಮನ್ಮಥ’ದಿಂದ ಬಂದಿತೆಂದು ಎಂ. ಗೋವಿಂದ ಪೈಗಳು ಪ್ರತಿಪಾದಿಸಿದರು. ಅದು ಚಾವುಂಡರಾಯನ ಮನೆಯ ಹೆಸರು, ಗೊಮ್ಮಟನ ಈಶ್ವರನಾದುದರಿಂದ ಬಾಹುಬಲಿಸ್ವಾಮಿಗೆ ಗೊಮ್ಮಟೇಶ್ವರನೆಂಬ ಹೆಸರಾಯಿತೆಂದು ಡಾ. ಆ. ನೇ. ಉಪಾಧ್ಯೆಯವರು ವಾದಿಸಿದರು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಆತನಿಗಾಗಿ ರಚಿಸಿದ ಗ್ರಂಥಕ್ಕೆ ಗೊಮ್ಮಟಸಾರವೆಂಬ ಹೆಸರಿರುವುದನ್ನು ನೋಡಿದರೆ ಉಪಾಧ್ಯೆಯವರ ಪಕ್ಷ ಬಲವುಳ್ಳದ್ದೆಂದು ನನಗೆ ತೋರುತ್ತದೆ. ಹಾಗಿದ್ದಲ್ಲಿ ಮನೆಯವರು ಮುದ್ದಿನಿಂದ ಕೂಗುತ್ತಿದ್ದ ಹೆಸರೊಂದು ವಿಂಧ್ಯಗಿರಿಯ ನೆತ್ತಿಗೇರಿತು. ಆತನಿಗೆ ಸಮರಪರಶುರಾಮ, ವೀರಮಾರ್ತಂಡ ಮುಂತಾದ ಬಿರುದುಗಳಿದ್ದುವು. ವಿಗ್ರಹದ ಪಾದದ ಬಳಿ ಮಾಡಿಸಿದವನನ್ನು ಹೇಳುವ ಬರಹದಲ್ಲಿ ಅವುಗಳಲ್ಲಿ ಒಂದೂ ಇಲ್ಲ. ಚಾವುಂಡರಾಜನೆಂಬ ಹೆಸರಷ್ಟೇ ಇದೆ.

‘ನಿಕ್ಷೇಪ’ ಎಂಬ ಶಬ್ದಕ್ಕೆ ವರ್ತಕರ ಭಾಷೆಯಲ್ಲಿ ಇನ್ನೊಂದು ಅರ್ಥವಿದೆ, ನಂಬಿ ಒಪ್ಪಿಸಿದ ಠೇವಣಿ. ತತ್ತ್ವಾರ್ಥಸೂತ್ರವೂ ನಾಲ್ಕು ನಿಕ್ಷೇಪಗಳನ್ನು ಹೇಳುವಲ್ಲಿ ಬಳಸುವ ಪದ ‘ನ್ಯಾಸ’. ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ‘ನ್ಯಾಸಾಪಹಾರ’, ಅಂದರೆ ಇಟ್ಟ ಠೇವಣಿಯನ್ನು ಲಪಟಾಯಿಸುವುದು, ಎಂಬುದೂ ಬರುತ್ತದೆ. ಎರಡನ್ನೂ ಕೂಡಿಸಿ ಓದುವುದು ವ್ಯಾಕರಣಕಾರರಿಗೆ ಸಮ್ಮತವೋ ಇಲ್ಲವೋ, ವ್ಯಾಪಾರಿಗೆ ಮಾತ್ರ ಅದರಲ್ಲಿ ಪಾಠವಿದೆ. ಮಗುವಿನ ಹೆಸರು ನಮ್ಮ ಬಳಿ ಇರುವ ಅದರ ಠೇವಣಿ. ನಮ್ಮ ಪ್ರತಿಷ್ಠೆಗೆ, ಪಾಂಡಿತ್ಯಕ್ಕೆ, ಫ್ಯಾಷನ್ನಿಗೆ ಅದನ್ನು ಬಳಸಿಕೊಂಡರೆ ಅಪಹಾರವೇ ಸರಿ. ನಾನು ಮೂವತ್ತು ವರ್ಷಗಳ ಹಿಂದೆ ಮಾಡಿದ್ದು ಅದನ್ನೇ.

ಕಾಮರ್ಸ್ ಓದಿದವರಿಗೆ ಇನ್ನೊಂದು ಮಾತು. ಲೆಕ್ಕಶಾಸ್ತ್ರದಲ್ಲಿ ಗುಡ್‌ವಿಲ್ ಎಂಬ ಆಸ್ತಿಯಿದೆ. ‘ಅಂಗಡಿಗೆ ಹೆಸರಿದೆ’ ಎಂದು ನಾವು ಹೇಳುವುದು ಅದನ್ನೇ. ಸ್ವಂತ ದುಡಿಮೆಯಿಂದ ಗಳಿಸಿದ ಗುಡ್‌ವಿಲ್ಲನ್ನು ಆಸ್ತಿಯೆಂದು ಪುಸ್ತಕದಲ್ಲಿ ಬರೆದುಕೊಳ್ಳುವಂತಿಲ್ಲ; ಬೆಲೆಕೊಟ್ಟು ಕೊಂಡಾಗ ಮಾತ್ರ ಬರೆಯಬೇಕು. ಕರ್ಮಸಿದ್ಧಾಂತದಲ್ಲಿಯೂ ಯಶಸ್ಕೀರ್ತಿ ಎಂಬುದು ಎಂಟು ಕರ್ಮಗಳಲ್ಲೊಂದಾದ ನಾಮಕರ್ಮದ 93 ಭೇದಗಳಲ್ಲಿ ಒಂದು. ಜೀವವು ಅದನ್ನು ತಾನೇ ಕಟ್ಟಿಕೊಂಡು ಬರುತ್ತದೆ, ತಾನೇ ಮುಂದಕ್ಕೂ ಕಟ್ಟಿಕೊಳ್ಳುತ್ತದೆ. ತಂದೆತಾಯಿಗಳು ಕೊಂಡು ಕೊಡಲು ಅದು ಅಂಗಡಿಯ ಸರಕಲ್ಲ.

ನಮ್ಮ ಮನೆಯಲ್ಲಿ ನಡೆದದ್ದು

ಆದಿಪುರಾಣದ ಭಾಗವನ್ನು ನಾನು ಮಗನಿಗೂ ಸೊಸೆಗೂ ಓದಿ ಹೇಳಿದೆನು. ಮೊದಲಿಗೆ ಮಗನ ಕ್ಷಮೆ ಕೇಳಿದೆ. ಕ್ಷಮಾವಣಿಯ ದಿನ ಊರಿನವರನ್ನೆಲ್ಲ ಕ್ಷಮೆ ಕೇಳುವ ನಾವು ಮಕ್ಕಳನ್ನು ಕೇಳುವುದು ಅಪರೂಪ. ಅವನು ಏನೂ ಹೇಳಲಿಲ್ಲ, ಎದ್ದುಹೋಗಿ ಸಹಸ್ರನಾಮದ ಪುಸ್ತಕವನ್ನು ತಂದು ನನ್ನ ಮುಂದಿಟ್ಟನು. ಸೊಸೆ ಒಂದು ಸೂಚನೆಯನ್ನು ಕೊಟ್ಟಳು. ‘ಮಾವ, ಎಲ್ಲ ಸಾವಿರದೆಂಟನ್ನೂ ಬರೆದರೆ ಯಾವುದು ಬರುವುದೋ ಎಂದು ಇವರಿಗೆ ಮತ್ತೆ ಹೆದರಿಕೆ. ಶಾಲೆಯಲ್ಲಿ ಕೂಗಿದರೆ ಯಾರೂ ನಗಬಾರದು, ಬಸದಿಯಲ್ಲಿ ಕೇಳಿದರೆ ಅರ್ಥ ಹೇಳುವಂತಿರಬೇಕು. ಅಂಥವನ್ನು ಎಲ್ಲರೂ ಕೂಡಿ ಆರಿಸಿ ಅವನ್ನಷ್ಟೇ ಕಲಶಕ್ಕೆ ಹಾಕೋಣ’ ಎಂದಳು. ಶಾಸ್ತ್ರದ ಆಶಯಕ್ಕೆ ಇದು ವಿರುದ್ಧವೆಂದು ನನಗೆ ತೋರಲಿಲ್ಲ. ಎರಡು ಸಂಜೆ ಕುಳಿತು 24 ಹೆಸರುಗಳನ್ನು ಗುರುತಿಸಿದೆವು. ಅಷ್ಟು ಹೊತ್ತು ಮಗನೊಡನೆ ಕುಳಿತು ಶಾಸ್ತ್ರ ಓದಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಬಸದಿಯಲ್ಲಿ ಅಭಿಷೇಕವಾದ ಮೇಲೆ ಮಗಳ ಮಗಳು, ಆರು ವರ್ಷದ ಹುಡುಗಿ, ಕಲಶದೊಳಗೆ ಕೈಹಾಕಿ ಒಂದು ಚೀಟಿಯನ್ನು ತೆಗೆದಳು.

ಮೂರಕ್ಷರದ ಹೆಸರದು. ಸ್ವರಾಂತವಾಗಿದೆ. ನಮ್ಮ ಬಂಧುವರ್ಗದಲ್ಲಿ ಯಾರಿಗೂ ಇಲ್ಲ. ಅದನ್ನು ಇಲ್ಲಿ ಅಚ್ಚು ಹಾಕಿಸುವುದು ಮತ್ತೆ ಹಳೆಯ ತಪ್ಪಿಗೇ ದಾರಿಯಾಗುವುದರಿಂದ ಬರೆಯುವುದಿಲ್ಲ.

ಟ್ರಸ್ಟುಗಳಿಗೆ ಒಂದು ನಿವೇದನೆ

ಬಸದಿಗಳ ಆಡಳಿತ ಟ್ರಸ್ಟುಗಳು ಈ ವಿಷಯದಲ್ಲಿ ಅಲ್ಪ ವೆಚ್ಚದಲ್ಲಿಯೇ ಬಹಳ ಉಪಕಾರ ಮಾಡಬಹುದು. ಸಹಸ್ರನಾಮದಿಂದಲೂ, ತಮ್ಮ ತಮ್ಮ ಸೀಮೆಯ ಶಾಸನಗಳಿಂದಲೂ ಮಕ್ಕಳಿಗೆ ಇಡಬಹುದಾದ ಹೆಸರುಗಳನ್ನು ಆರಿಸಿ, ಸಂಸ್ಕೃತ-ಪ್ರಾಕೃತ-ಕನ್ನಡ ಬಲ್ಲವರಿಂದ ಅರ್ಥವನ್ನು ಪರೀಕ್ಷಿಸಿ, ಸರಿಯಾದ ಕನ್ನಡ ರೂಪದೊಡನೆ ಒಂದು ಚಿಕ್ಕ ಪಟ್ಟಿಯನ್ನು ಬಸದಿಯಲ್ಲಿ ಇರಿಸಬಹುದು. ಘಟಪತ್ರಕ್ಕೆ ಒಂದು ಕಲಶ ಸಾಕು. ‘ವೈಭವಕ್ಕೆ ತಕ್ಕಂತೆ’ ಎಂಬ ಆಚಾರ್ಯರ ಮಾತನ್ನು ಸಾಲಮಾಡಿ ಛತ್ರ ಹಿಡಿಯುವವರಿಗೆ ನೆನಪಿಸುವುದೂ ಟ್ರಸ್ಟಿನ ಕರ್ತವ್ಯ.

ತಂದೆತಾಯಿಗಳಿಗೆ ಒಂದು ವ್ಯಾವಹಾರಿಕ ಸೂಚನೆ. ಆಸ್ಪತ್ರೆಯಲ್ಲಿ ಕೇಳಿದರೆಂದು ಗಾಬರಿಯಿಂದ ಯಾವುದೋ ಹೆಸರನ್ನು ಬರೆಸಬೇಕಾಗಿಲ್ಲ. 1969ರ ಜನನ-ಮರಣ ನೋಂದಣಿ ಅಧಿನಿಯಮದಂತೆ ಹೆಸರಿಲ್ಲದೆಯೇ ಜನನವನ್ನು ನೋಂದಾಯಿಸಿ ನಂತರ ಹೆಸರನ್ನು ಸೇರಿಸಬಹುದು. ಹನ್ನೆರಡು ತಿಂಗಳೊಳಗಾದರೆ ಶುಲ್ಕವೂ ಇಲ್ಲ. ಆದರೆ ಸೇರಿಸುವಾಗ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಅಕ್ಷರಗಳನ್ನು ಎರಡು ಬಾರಿ ಪರೀಕ್ಷಿಸಬೇಕು. 2023ರ ತಿದ್ದುಪಡಿಯ ನಂತರ, ಆ ವರ್ಷದ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆಯ ಪ್ರವೇಶದಿಂದ ಪಾಸ್‌ಪೋರ್ಟಿನವರೆಗೆ ಜನನ ಪ್ರಮಾಣಪತ್ರವೇ ಆಧಾರ. ಒಮ್ಮೆ ತಪ್ಪಾಗಿ ಬರೆದ ಹೆಸರು ಮಗುವನ್ನು ಬಹುಕಾಲ ಕಾಡುತ್ತದೆ.

ಮೊಮ್ಮಗ ಈಗ ಅಂಬೆಗಾಲಿಡುತ್ತಾನೆ. ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುತ್ತಾನೆ. ಅವನ ಪಾಲಿಗೆ ಅದಿನ್ನೂ ಸದ್ದು ಮಾತ್ರ. ಅದಕ್ಕೆ ಅರ್ಥವನ್ನು ತುಂಬುವುದು ಅವನ ಕೆಲಸ. ಅಲ್ಲಿಯವರೆಗೆ ಆ ಠೇವಣಿಯನ್ನು ಕೆಡಿಸದೆ ಕಾಯುವುದು ಮಾತ್ರ ನಮಗೆ ಸೇರಿದ್ದು.